ಬರೆದವರು ಹೀಗಿದ್ದರು ಅಂತ ಗೊತ್ತಾದ ಮೇಲೆ ಆ ಪುಸ್ತಕವನ್ನು ಏನು ಮಾಡುವುದು?

ಪ್ರಶ್ನೆ: ಆಲಿಸ್ ಮನ್ರೋ ಅವರ ಕತೆಗಳನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಮನುಷ್ಯರ ಮನಸ್ಸನ್ನು ಇವರಷ್ಟು ಬಲ್ಲವರಿಲ್ಲ ಅಂದುಕೊಂಡಿದ್ದೆ. ಅವರು ತೀರಿಕೊಂಡ ಮೇಲೆ ಅವರ ಮಗಳು ಬರೆದದ್ದನ್ನು ಓದಿದೆ. ಅಂದಿನಿಂದ ಆ ಪುಸ್ತಕಗಳನ್ನು ಮುಟ್ಟಲು ಮನಸ್ಸಾಗುತ್ತಿಲ್ಲ. ಒಳ್ಳೆಯವರಲ್ಲದವರು ದೊಡ್ಡ ಕಲಾವಿದರಾಗಲು ಸಾಧ್ಯವೇ? ನಾನು ಇಷ್ಟು ದಿನ ಮೋಸ ಹೋಗಿದ್ದೆನೇ? ಓದುವುದನ್ನು ಬಿಡಬೇಕೇ? ಚಿತ್ರಕಲೆ ಕಲಿಯುತ್ತಿರುವ ನನ್ನ ಮಗ, "ದೊಡ್ಡ ಕಲಾವಿದರೆಲ್ಲ ಹಾಗೇ ಅಮ್ಮಾ, ಅದಿಲ್ಲದೆ ಕಲೆ ಹುಟ್ಟೋದಿಲ್ಲ" ಅನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಆಮೇಲೆ ವಿವರಕ್ಕೆ ಬರೋಣ. ಒಳ್ಳೆಯವರಲ್ಲದವರು ದೊಡ್ಡ ಕಲಾವಿದರಾಗಬಹುದು. ಆಗಿದ್ದಾರೆ. ನೀವು ಮೋಸ ಹೋಗಿಲ್ಲ, ಆ ಕತೆಗಳಲ್ಲಿ ನೀವು ಕಂಡದ್ದು ನಿಜವಾಗಿಯೂ ಅಲ್ಲಿದೆ. ಬಿಡಲೇಬೇಕು ಅಂತ ಯಾರೂ ನಿಮಗೆ ಹೇಳುವಂತಿಲ್ಲ, ಓದಲೇಬೇಕು ಅಂತಲೂ ಹೇಳುವಂತಿಲ್ಲ. ನಿಮ್ಮ ಮಗನ ಮಾತು ಮಾತ್ರ ತಪ್ಪು. ಅದು ಅಪಾಯದ ಮಾತೂ ಹೌದು. ಅದರ ಬಗ್ಗೆ ಕೊನೆಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಹಿನ್ನೆಲೆ ಹೇಳಬೇಕು. ಮನ್ರೋ ಕೆನಡಾದ ಕತೆಗಾರ್ತಿ. 2013ರಲ್ಲಿ ನೊಬೆಲ್ ಬಂತು. 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ಜುಲೈನಲ್ಲಿ ಅವರ ಕಿರಿಯ ಮಗಳು ಟೊರಾಂಟೊ ಸ್ಟಾರ್ ಪತ್ರಿಕೆಯಲ್ಲಿ ತನ್ನ ಕತೆ ಬರೆದರು. 1976ರಲ್ಲಿ, ತನಗೆ 9 ವರ್ಷ ಇದ್ದಾಗ, ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. 1992ರಲ್ಲಿ ಮಗಳು ಪತ್ರ ಬರೆದು ತಾಯಿಗೆ ತಿಳಿಸಿದರು. ತಾಯಿ ಕೆಲವು ತಿಂಗಳು ಗಂಡನನ್ನು ಬಿಟ್ಟಿದ್ದರು, ಮತ್ತೆ ಅವನ ಹತ್ತಿರವೇ ಹೋದರು. 2005ರಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆಮೇಲೂ ಮನ್ರೋ ಅವನ ಜೊತೆಗೇ ಇದ್ದರು, 2013ರಲ್ಲಿ ಅವನು ಸಾಯುವವರೆಗೂ.

ಇದನ್ನು ಓದಿದ ಮೇಲೆ ಸಂಕಟವಾಗದಿದ್ದರೆ ಅದೇ ವಿಚಿತ್ರ. ನುಡಿ ಒಂದು, ನಡೆ ಇನ್ನೊಂದು ಆಗಬಾರದು ಅಂತ ಕೇಳುತ್ತಲೇ ಬೆಳೆದವರು ನಾವು. ಕವಿಯ ಸ್ವಭಾವ ಹೇಗೋ ಕಾವ್ಯವೂ ಹಾಗೆ ಅನ್ನುವ ಮಾತನ್ನು ಸಂಸ್ಕೃತದ ಕಾವ್ಯಮೀಮಾಂಸಕ ರಾಜಶೇಖರ ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದಾನೆ. ಋಷಿಯಲ್ಲದವನು ಕವಿಯಲ್ಲ ಅನ್ನುವ ಮಾತೂ ಅಷ್ಟೇ ಹಳೆಯದು. ಬೇರೆ ನಾಡುಗಳಲ್ಲೂ ಹೀಗೇ ನಂಬಿದ್ದರು. ಮೊದಲು ಒಳ್ಳೆಯ ಮನುಷ್ಯನಾಗದೆ ಒಳ್ಳೆಯ ಕವಿಯಾಗಲು ಸಾಧ್ಯವೇ ಇಲ್ಲ ಅಂತ ಇಂಗ್ಲೆಂಡಿನ ನಾಟಕಕಾರ ಬೆನ್ ಜಾನ್ಸನ್ 1607ರಲ್ಲಿ ಬರೆದ. ಅದೇ ಜಾನ್ಸನ್ 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕತ್ತಿಯ ಕಾಳಗದಲ್ಲಿ ಕೊಂದಿದ್ದ. ಲ್ಯಾಟಿನ್ ಓದಲು ಬರುತ್ತಿದ್ದದ್ದರಿಂದ ಆಗಿನ ಕಾನೂನಿನ ಪ್ರಕಾರ ಗಲ್ಲು ತಪ್ಪಿತು, ಹೆಬ್ಬೆರಳಿಗೆ ಬರೆ ಬಿತ್ತು. ಅವನು ಬರೆದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ನಂಬಿಯೇ ಬರೆದಿದ್ದ ಅನ್ನಿಸುತ್ತದೆ. ನಂಬುವುದಕ್ಕೂ ಬದುಕುವುದಕ್ಕೂ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಈ ಮಾತು ಹೇಳಿದೆ.

ಆ ಋಷಿ-ಕವಿ ಮಾತಿಗೆ ಇನ್ನೊಬ್ಬ ಹಳೆಯ ಕಾವ್ಯಮೀಮಾಂಸಕ ಭಟ್ಟತೌತ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸುತ್ತದೆ. ಕಾಣಬಲ್ಲವನು ಋಷಿ. ಕಂಡದ್ದನ್ನು ವರ್ಣಿಸಲೂ ಬಂದಾಗ ಅವನು ಕವಿ. ಅಲ್ಲಿ ಅವನು ಕವಿಯಿಂದ ಕೇಳುತ್ತಿರುವುದು ನೋಟವನ್ನು ಮತ್ತು ಮಾತನ್ನು. ನಡತೆಯ ಪ್ರಮಾಣಪತ್ರ ಕೇಳಿಲ್ಲ. ಕಲೆಯ ದೊಡ್ಡತನ ಇರುವುದು ಈ ನೋಟದಲ್ಲಿ ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಇಷ್ಟು ಹಿಡಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಮಾಲ್ಟಾ ದ್ವೀಪದ ವಲೆಟ್ಟಾ ನಗರದಲ್ಲಿ, ಸಂತ ಜಾನರ ಚರ್ಚಿನ ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಒಂದು ಗೋಡೆಯ ತುಂಬ ಇರುವ ಚಿತ್ರ ಅದು. ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬಿಡಿಸಿದ್ದು. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಜಾನರ ತಲೆ ಕಡಿಯುವ ದೃಶ್ಯ. ಸೆರೆಮನೆಯ ಅಂಗಳ. ಜಾನ್ ನೆಲದ ಮೇಲೆ ಬಿದ್ದಿದ್ದಾರೆ. ಕತ್ತಿಯ ಏಟು ಬಿದ್ದಾಗಿದೆ, ಆದರೆ ತಲೆ ಪೂರ್ತಿ ಬೇರೆಯಾಗಿಲ್ಲ. ಕಡಿಯುವವನು ಬಗ್ಗಿ ಒಂದು ಕೈಯಲ್ಲಿ ಕೂದಲು ಹಿಡಿದಿದ್ದಾನೆ, ಇನ್ನೊಂದು ಕೈಯಿಂದ ಬೆನ್ನ ಹಿಂದೆ ಸಿಕ್ಕಿಸಿದ ಚಾಕುವನ್ನು ಎಳೆಯುತ್ತಿದ್ದಾನೆ. ಉಳಿದ ಕೆಲಸ ಮುಗಿಸಬೇಕಲ್ಲ. ಜೈಲಿನ ಅಧಿಕಾರಿ ತಟ್ಟೆಯ ಕಡೆ ಬೆರಳು ತೋರಿಸುತ್ತಿದ್ದಾನೆ, ಇಲ್ಲಿ ಹಾಕು ಅನ್ನುವ ಹಾಗೆ. ತಟ್ಟೆ ಹಿಡಿದ ಹುಡುಗಿ ಬಗ್ಗಿ ಕಾಯುತ್ತಿದ್ದಾಳೆ. ಬಲಗಡೆ ಕಿಟಕಿಯ ಸರಳುಗಳ ಹಿಂದಿನಿಂದ ಇಬ್ಬರು ಕೈದಿಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ಇಡೀ ಚಿತ್ರದಲ್ಲಿ ಒಬ್ಬಳೇ ಮುದುಕಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಾಳೆ. ಅಲ್ಲಿ ನಡೆಯುತ್ತಿರುವುದು ಏನು ಅಂತ ತಿಳಿದವಳು ಅವಳೊಬ್ಬಳೇ. ಮಿಕ್ಕವರಿಗೆ ಅದು ಅವತ್ತಿನ ಕೆಲಸ.

ಕೊಲೆ ಹೇಗೆ ಒಂದು ದಿನಚರಿಯಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಂಡ ಚಿತ್ರ ನನಗೆ ಗೊತ್ತಿಲ್ಲ. ಕಂಡವನು ಯಾರು? ಎರಡು ವರ್ಷದ ಹಿಂದೆ, 1606ರ ಮೇ ತಿಂಗಳಲ್ಲಿ, ರೋಮ್‌ನಲ್ಲಿ ಜಗಳವಾಡಿ ರಾನುಚ್ಚೊ ತೊಮಸ್ಸೋನಿ ಎಂಬಾತನನ್ನು ಕೊಂದು, ಮರಣದಂಡನೆ ತಪ್ಪಿಸಿಕೊಳ್ಳಲು ಓಡಿ ಬಂದವನು. ಅವನು ಸಹಿ ಹಾಕಿದ್ದು ಈ ಒಂದೇ ಚಿತ್ರಕ್ಕೆ. ಆ ಸಹಿ ಇರುವುದು ಜಾನರ ಕತ್ತಿನಿಂದ ಹರಿದ ರಕ್ತದಲ್ಲಿ. ಇಷ್ಟು ಬಿಡಿಸಿದವನು ಅದೇ ವರ್ಷ ಮತ್ತೆ ಹೊಡೆದಾಟಕ್ಕೆ ಬಿದ್ದ, ಸೆರೆಮನೆ ಸೇರಿದ, ತಪ್ಪಿಸಿಕೊಂಡ. ಡಿಸೆಂಬರ್ 1ರಂದು ಮಾಲ್ಟಾದ ನೈಟ್‌ಗಳು, ಅಂದರೆ ಅಲ್ಲಿನ ಕ್ರೈಸ್ತ ಯೋಧರ ಪಂಗಡದವರು, ಅದೇ ಮಂದಿರದಲ್ಲಿ, ಅದೇ ಚಿತ್ರದ ಎದುರು ಸಭೆ ಸೇರಿ ಅವನನ್ನು ಕೊಳೆತ ಅಂಗದ ಹಾಗೆ ತಮ್ಮ ಪಂಗಡದಿಂದ ಕಿತ್ತು ಹಾಕಿದರು.

ಕೊಲೆ ಮಾಡಿದ್ದರಿಂದಲೇ ಹಾಗೆ ಬಿಡಿಸಲು ಆಯಿತು ಅಂತ ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ರೋಮ್‌ನ ಒಂದು ಚರ್ಚಿಗೆ ಅವನು ಬಿಡಿಸಿದ ಸಂತ ಮ್ಯಾಥ್ಯೂನ ದೊಡ್ಡ ಚಿತ್ರಗಳು 1600ರಲ್ಲೇ ಮುಗಿದಿದ್ದವು. ಅವುಗಳಲ್ಲೂ ಒಂದರಲ್ಲಿ ಕೊಲೆ ಇದೆ. ಆ ನೋಟ ಮೊದಲೇ ಇತ್ತು. ಯಾರನ್ನೂ ಕೊಲ್ಲದೆ ಅವನು ಅದನ್ನು ಕಂಡಿದ್ದ. ಕೊಲೆಯಿಂದ ಅವನಿಗೆ ಸಿಕ್ಕಿದ್ದು ನಾಲ್ಕು ವರ್ಷದ ಅಲೆದಾಟ, 38ಕ್ಕೇ ಸಾವು. ನಮಗಾದ ನಷ್ಟ, ಅವನು ಬಿಡಿಸದೆ ಹೋದ ಚಿತ್ರಗಳು. ತೊಮಸ್ಸೋನಿಯ ನಷ್ಟದ ಲೆಕ್ಕ ಬೇರೆ.

ಈಗ ಮನ್ರೋ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಇದೇ ಅಂದುಕೊಳ್ಳುತ್ತೇನೆ: ಇಷ್ಟೆಲ್ಲ ಅರ್ಥ ಮಾಡಿಕೊಂಡಿದ್ದವರಿಗೆ ತಮ್ಮ ಮನೆಯ ಮಗು ಅರ್ಥವಾಗಲಿಲ್ಲವೇ?

ಅವರ 'ವ್ಯಾಂಡಲ್ಸ್' ಕತೆ ನೀವು ಓದಿರಬಹುದು. ಬೀ ಎಂಬ ಹೆಂಗಸು ಲ್ಯಾಡ್ನರ್ ಎಂಬಾತನ ಜೊತೆ ಬದುಕುತ್ತಾಳೆ. ಅವನು ಸತ್ತ ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬಿ ಜೀವ ಇರುವ ಹಾಗೆ ನಿಲ್ಲಿಸುವವನು. ಪಕ್ಕದ ಮನೆಯ ಮಕ್ಕಳು, ಲೈಜಾ ಮತ್ತು ಅವಳ ತಮ್ಮ, ಅಲ್ಲಿಗೆ ಬಂದು ಹೋಗುತ್ತಿರುತ್ತಾರೆ. ಅವನು ಆ ಮಕ್ಕಳಿಗೆ ಏನು ಮಾಡುತ್ತಾನೆ ಅನ್ನುವುದು ಕತೆಯಲ್ಲಿ ನೇರವಾಗಿ ಬರುವುದಿಲ್ಲ. ಓದುವವರಿಗೆ ನಿಧಾನಕ್ಕೆ ತಿಳಿಯುತ್ತದೆ, ತಿಳಿದಾಗ ಮೈ ತಣ್ಣಗಾಗುತ್ತದೆ. ವರ್ಷಗಳ ನಂತರ, ಮದುವೆಯಾದ ಲೈಜಾ ಆ ಮನೆಗೆ ಹೋಗುತ್ತಾಳೆ. ಮನೆ ಸರಿಯಾಗಿದೆಯೇ ನೋಡಿಕೊಂಡು ಬಾ ಅಂತ ಬೀ ಹೇಳಿರುತ್ತಾಳೆ. ಇವಳು ಹೋಗಿ ಮನೆಯನ್ನೆಲ್ಲ ಧ್ವಂಸ ಮಾಡಿ ಬರುತ್ತಾಳೆ. ಕತೆಯ ತಿರುಳು ಇರುವುದು ಬೀ ವಿಷಯದಲ್ಲಿ. ಆ ಮಗು ಬೀಯನ್ನು ತುಂಬ ಹಚ್ಚಿಕೊಂಡಿತ್ತು. ಇವಳು ಮನಸ್ಸು ಮಾಡಿದರೆ ನಮ್ಮನ್ನು ಕಾಪಾಡಬಲ್ಲಳು ಅಂತ ನಂಬಿತ್ತು. ಬೀ ಮನಸ್ಸು ಮಾಡಲಿಲ್ಲ. ನೋಡದೆ ಇರುವುದನ್ನು ಆರಿಸಿಕೊಂಡಳು.

ಮಗಳ ಪತ್ರ ಬಂದದ್ದು 1992ರಲ್ಲಿ. ಈ ಕತೆ ಅಚ್ಚಾದದ್ದು 1993ರಲ್ಲಿ.

ಅಂದರೆ ಅರ್ಥವಾಗಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳುವ ಹೆಂಗಸಿನ ಒಳಗನ್ನು ಅವರು ಯಾವ ಕನಿಕರವೂ ಇಲ್ಲದೆ ಬಿಚ್ಚಿಟ್ಟರು. ಆಮೇಲೆ ಆ ಹೆಂಗಸಿನ ಹಾಗೇ ಇಪ್ಪತ್ತು ವರ್ಷ ಬದುಕಿದರು. ನನಗೆ ಇದಕ್ಕಿಂತ ಕಷ್ಟದ ಉದಾಹರಣೆ ಗೊತ್ತಿಲ್ಲ.

ಕಾಣುವುದು ಒಂದು ಶಕ್ತಿ. ಕಂಡದ್ದಕ್ಕೆ ತಕ್ಕಂತೆ ನಡೆಯುವುದು ಇನ್ನೊಂದು. ಮೊದಲನೆಯದು ಸುಮ್ನೆ ಬರುವಂಥದ್ದಲ್ಲ. ಅದಕ್ಕೆ ತಾಳ್ಮೆ ಬೇಕು, ಪ್ರಾಮಾಣಿಕತೆ ಬೇಕು, ತನಗೆ ಹಿತವಾದ ಸುಳ್ಳನ್ನು ಪುಟದಿಂದ ಹೊಡೆದು ಹಾಕುವ ಧೈರ್ಯ ಬೇಕು. ಇವು ನೈತಿಕ ಗುಣಗಳೇ. ಆದರೆ ಬರೆಯುವ ಮೇಜಿನ ಹತ್ತಿರ ಯಾರೂ ಎದುರು ನಿಂತು ಅಳುವುದಿಲ್ಲ. ತಪ್ಪು ಮಾಡಿದರೆ ನಾಳೆ ತಿದ್ದಬಹುದು. ಅಲ್ಲಿ ಸತ್ಯ ಹೇಳಿದ್ದಕ್ಕೆ ಒಂಟಿಯಾಗಿ ಬದುಕಬೇಕಾಗಿಲ್ಲ, ಮುಪ್ಪಿನಲ್ಲಿ ಮನೆ ಮುರಿಯಬೇಕಾಗಿಲ್ಲ. ಮೇಜಿನಿಂದ ಎದ್ದ ಮೇಲೆ ಬೇಕಾಗುವ ಧೈರ್ಯವೇ ಬೇರೆ ಜಾತಿಯದು. ಒಂದಿದ್ದವರಲ್ಲಿ ಇನ್ನೊಂದು ತಾನಾಗಿಯೇ ಇರುತ್ತದೆ ಅನ್ನುವುದು ನಮ್ಮ ಆಸೆ. ಓದುವಾಗ ಆ ದನಿ ಅಷ್ಟು ಹತ್ತಿರದವರ ದನಿಯ ಹಾಗೆ ಕೇಳುತ್ತದೆ, ಅದಕ್ಕೇ ಆ ಆಸೆ ಹುಟ್ಟುತ್ತದೆ. ಆಸೆಪಟ್ಟದ್ದು ನಿಮ್ಮ ತಪ್ಪಲ್ಲ.

ಹಾಗಾದರೆ ನಡತೆಗೂ ಕೃತಿಯ ದೊಡ್ಡತನಕ್ಕೂ ಸಂಬಂಧವೇ ಇಲ್ಲವಾ? ಇದೆ. ಕಲಾವಿದನ ದೋಷ ಅವನ ನೋಟವನ್ನೇ ಮಂಕು ಮಾಡಿದಾಗ ಆ ಸಂಬಂಧ ಕಾಣುತ್ತದೆ. ಆಗ ಕೃತಿ ಅದೇ ಜಾಗದಲ್ಲಿ ಸೋಲುತ್ತದೆ.

ಕವಿ ಪಾಬ್ಲೊ ನೆರೂಡ ತಮ್ಮ ನೆನಪುಗಳನ್ನು ಬರೆದ ಪುಸ್ತಕ ಅವರ ಸಾವಿನ ನಂತರ, 1974ರಲ್ಲಿ ಬಂತು. 1929ರಲ್ಲಿ ಅವರು ಸಿಲೋನಿನಲ್ಲಿ ಚಿಲಿ ದೇಶದ ರಾಜತಾಂತ್ರಿಕ ಅಧಿಕಾರಿಯಾಗಿದ್ದರು. ದಿನವೂ ಬೆಳಿಗ್ಗೆ ಅವರ ಮನೆಯ ಶೌಚದ ಡಬ್ಬಿ ಖಾಲಿ ಮಾಡಲು ಒಬ್ಬ ತಮಿಳು ಹೆಂಗಸು ಬರುತ್ತಿದ್ದಳು. ಒಂದು ಬೆಳಿಗ್ಗೆ ಆಕೆಯ ಮಣಿಕಟ್ಟು ಹಿಡಿದು ಎಳೆದುಕೊಂಡೆ ಅಂತ ಅವರೇ ಬರೆಯುತ್ತಾರೆ. ಆಕೆ ಯಾವ ಪ್ರತಿಕ್ರಿಯೆಯನ್ನೂ ತೋರಲಿಲ್ಲ. ಕಣ್ಣು ಮುಚ್ಚಲಿಲ್ಲ. ಆಕೆ ನನ್ನನ್ನು ತಿರಸ್ಕರಿಸಿದ್ದು ಸರಿಯೇ ಅಂತಲೂ ಬರೆಯುತ್ತಾರೆ. ಅದು ಅತ್ಯಾಚಾರ. ಆ ಪದ ಅಲ್ಲಿಲ್ಲ. ಅದರ ಬದಲು ಏನಿದೆ? ಆಕೆ ದಕ್ಷಿಣ ಭಾರತದ ಸಾವಿರ ವರ್ಷ ಹಳೆಯ ಶಿಲ್ಪಗಳ ಹಾಗಿದ್ದಳು ಅನ್ನುವ ಹೋಲಿಕೆ ಇದೆ. ಒಬ್ಬ ಹೆಂಗಸಿಗೆ ಹೇಗನ್ನಿಸಿತು ಅಂತ ಕೇಳಬೇಕಾದ ಜಾಗದಲ್ಲಿ ಒಂದು ಚಂದದ ಉಪಮೆ ಕೂತಿದೆ. ಕಲ್ಲಿಗೆ ನೋವಾಗುವುದಿಲ್ಲ ಅಲ್ವಾ? ಇಲ್ಲಿ ಬರವಣಿಗೆಯ ಕೈಚಳಕವೇ ಅಪರಾಧಕ್ಕೆ ತೆರೆ ಹಿಡಿಯುತ್ತಿದೆ. ಅವರ ಪ್ರೇಮಕವಿತೆಗಳನ್ನು ನಾನು ಈಗಲೂ ಓದುತ್ತೇನೆ. ಆದರೆ ಹೆಣ್ಣು ಮಾತಾಡದೆ ಸುಮ್ಮನಿದ್ದರೆ ಚಂದ ಅನ್ನುವ ಧಾಟಿಯ ಸಾಲು ಬಂದಾಗ ಮೊದಲಿನ ಹಾಗೆ ಓದಿಕೊಂಡು ಹೋಗಲು ಆಗುವುದಿಲ್ಲ. ಹಾಗೆ ಆಗದಿರುವುದೇ ಸರಿ.

ಫ್ರಾನ್ಸಿನ ಚಿತ್ರಕಾರ ಗೋಗ್ಯಾನ್ ಚಿತ್ರಗಳಲ್ಲೂ ಇಂಥದ್ದೇ ಕಾಣುತ್ತದೆ. 1892ರಲ್ಲಿ ತಹೀತಿಯಲ್ಲಿ ಬಿಡಿಸಿದ ಒಂದು ಚಿತ್ರದಲ್ಲಿ ಎಳೆಯ ಹುಡುಗಿಯೊಬ್ಬಳು ಬೋರಲು ಮಲಗಿ ಹೆದರಿದ ಕಣ್ಣಿನಿಂದ ನಮ್ಮ ಕಡೆ ನೋಡುತ್ತಿದ್ದಾಳೆ. ಅವಳು ಹೆದರಿದ್ದು ಸತ್ತವರ ಆತ್ಮಕ್ಕೆ ಅಂತ ಅವನು ಬರೆದ. ಹಿನ್ನೆಲೆಯಲ್ಲಿ ಒಂದು ಕಪ್ಪು ಆಕೃತಿಯನ್ನೂ ಕೂರಿಸಿದ. ಅವಳ ವಯಸ್ಸು ಸುಮಾರು 13, ಅವನದು 40 ದಾಟಿತ್ತು. ಆ ಕೋಣೆಯಲ್ಲಿ ಅವಳಿಗೆ ಹೆದರಿಕೆ ಹುಟ್ಟಿಸುವಂಥವರು ಬೇರೆ ಯಾರಿದ್ದರು ಅನ್ನುವ ಪ್ರಶ್ನೆಯನ್ನು ಆ ಚಿತ್ರ ಕೇಳುವುದೇ ಇಲ್ಲ. ಬಣ್ಣ ಅದ್ಭುತ. ನೋಟ ಅರ್ಧ.

ಇದಕ್ಕೆ ಎದುರಾಗಿ ಒಬ್ಬರನ್ನು ಇಡುತ್ತೇನೆ. ಕೇಟೆ ಕೋಲ್ವಿಟ್ಸ್, ಜರ್ಮನಿಯ ಶಿಲ್ಪಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಅವರ ಕಿರಿಯ ಮಗ ಪೀಟರ್ ಸೈನ್ಯ ಸೇರುತ್ತೇನೆ ಅಂದ. ವಯಸ್ಸು 18. ಅಪ್ಪನ ಒಪ್ಪಿಗೆ ಬೇಕಿತ್ತು, ಅಪ್ಪ ಬೇಡ ಅಂದರು. ಗಂಡನನ್ನು ಒಪ್ಪಿಸಿದ್ದು ಕೇಟೆ. ಅಕ್ಟೋಬರ್‌ನಲ್ಲಿ ಮಗ ಬೆಲ್ಜಿಯಂನಲ್ಲಿ ಸತ್ತ. ಅವನಿಗೊಂದು ಸ್ಮಾರಕ ಮಾಡಬೇಕು ಅಂತ ಅದೇ ವರ್ಷ ಯೋಚಿಸಿದರು. ಮೊದಲ ಯೋಜನೆಯಲ್ಲಿ ಮಗನ ದೇಹ ಮಲಗಿತ್ತು, ತಲೆಯ ಹತ್ತಿರ ಅಪ್ಪ, ಕಾಲಿನ ಹತ್ತಿರ ಅಮ್ಮ. ಮಾಡಿದರು, ಕೆಡವಿದರು, ವರ್ಷಗಟ್ಟಲೆ ಕೈಬಿಟ್ಟರು, ಮತ್ತೆ ಹಿಡಿದರು. ಕೊನೆಗೆ 1932ರಲ್ಲಿ, ಮಗನನ್ನು ಹೂತಿದ್ದ ಸ್ಮಶಾನದಲ್ಲಿ ಸ್ಮಾರಕ ನಿಂತಾಗ ಅದರಲ್ಲಿ ಮಗ ಇರಲಿಲ್ಲ. ಮೊಣಕಾಲೂರಿದ ಅಪ್ಪ, ಅಮ್ಮ ಅಷ್ಟೇ. ಅಪ್ಪ ಎರಡೂ ತೋಳುಗಳಿಂದ ತನ್ನನ್ನೇ ಬಿಗಿದುಕೊಂಡು ಕೂತಿದ್ದಾನೆ. ಅಮ್ಮ ಪೂರ್ತಿ ಬಾಗಿದ್ದಾಳೆ. ಮುಖಗಳು ಅವರಿಬ್ಬರವೇ. ವೀರಮರಣದ ಮಾತು ಎಲ್ಲೂ ಇಲ್ಲ. ಮಗನನ್ನು ಕಳಿಸಿದವರು ಮಂಡಿಯೂರಿದ್ದಾರೆ.

ಹದಿನೆಂಟು ವರ್ಷದಲ್ಲಿ ಆ ಕೃತಿ ಬದಲಾದದ್ದು ಕೋಲ್ವಿಟ್ಸ್ ಬದಲಾದದ್ದರಿಂದ. ತನ್ನ ಪಾಲನ್ನು ಬಚ್ಚಿಡಬಾರದು ಅನ್ನುವ ಹಟ ಅವರಿಗೆ ಬದುಕಿನಲ್ಲೂ ಇತ್ತು, ಕಲ್ಲಿನಲ್ಲೂ ಬಂತು. ಇಲ್ಲಿ ನಡತೆಯೇ ನೋಟವನ್ನು ಚುರುಕು ಮಾಡಿತು. ಹೀಗಾಗಿ ಚಾರಿತ್ರ್ಯ ಕಲೆಗೆ ಬೇಕೇ ಬೇಕು ಅನ್ನುವವರ ಮಾತಿನಲ್ಲೂ ಒಂದಷ್ಟು ಹುರುಳಿದೆ. ಅದನ್ನು ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಲು ಹೋದಾಗ ಮಾತ್ರ ಅದು ಕೈಕೊಡುತ್ತದೆ.

ಇನ್ನು ಓದಬೇಕೋ ಬಿಡಬೇಕೋ ಅನ್ನುವುದು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಜನ ಒಟ್ಟಿಗೆ ಕಲಸುತ್ತಾರೆ. ಓದುವುದು ನಿಮ್ಮ ಸ್ವಂತ ವಿಚಾರ. ಸನ್ಮಾನ ಮಾಡುವುದು ಎಲ್ಲರ ವಿಚಾರ. 2018ರಲ್ಲಿ ಸಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡ ಹೆಸರಿಡುವ ಪ್ರಸ್ತಾಪ ಬಂದಾಗ ಚಿಲಿಯ ಮಹಿಳಾ ಸಂಘಟನೆಗಳು ವಿರೋಧಿಸಿದವು. ಸರಿಯಾಗಿಯೇ ವಿರೋಧಿಸಿದವು ಅನ್ನುತ್ತೇನೆ. ವಿಮಾನ ನಿಲ್ದಾಣದ ಹೆಸರನ್ನು ಯಾರೂ ಓದಿ ವಿಮರ್ಶೆ ಮಾಡುವುದಿಲ್ಲ. ಅದು ಬರೀ ಗೌರವ, ಮತ್ತು ಆ ಗೌರವ ಇಡೀ ಮನುಷ್ಯನಿಗೆ ಸಲ್ಲುತ್ತದೆ. ಅವರ ಕವಿತೆಗಳನ್ನು ಪಠ್ಯದಿಂದ ತೆಗೆದುಹಾಕಿ ಅಂದರೆ ನಾನು ಒಪ್ಪುವುದಿಲ್ಲ.

ನೋವುಂಡವರ ಎದುರು ಮಾತ್ರ ಈ ವಾದಗಳನ್ನು ಹಿಡಿದುಕೊಂಡು ಹೋಗಬಾರದು. ಜರ್ಮನಿಯ ಸಂಗೀತ ರಚನಕಾರ ವಾಗ್ನರ್ 1850ರಲ್ಲಿ ಯಹೂದಿಗಳ ವಿರುದ್ಧ ಒಂದು ಲೇಖನ ಬರೆದ, ಬೇರೆ ಹೆಸರಿನಲ್ಲಿ. 1869ರಲ್ಲಿ ಅದನ್ನೇ ತನ್ನ ಹೆಸರು ಹಾಕಿ ಮತ್ತೆ ಅಚ್ಚು ಹಾಕಿಸಿದ. ಮುಂದೆ ಹಿಟ್ಲರ್ ಅವನ ಸಂಗೀತವನ್ನು ತಲೆಯ ಮೇಲೆ ಹೊತ್ತು ಮೆರೆಸಿದ. ಇಸ್ರೇಲಿನಲ್ಲಿ ಅವನ ಸಂಗೀತ ನುಡಿಸುವುದಿಲ್ಲ ಅನ್ನುವ ರೂಢಿ ಇದೆ. ಕಾನೂನೇನೂ ಇಲ್ಲ. 2001ರ ಜುಲೈನಲ್ಲಿ ಜೆರುಸಲೇಮಿನಲ್ಲಿ ವಾದ್ಯವೃಂದದ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬಾಯ್ಮ್ ಕಾರ್ಯಕ್ರಮ ಮುಗಿಸಿ ಸಭಿಕರ ಕಡೆ ತಿರುಗಿದರು. ವಾಗ್ನರ್ ನುಡಿಸಲೇ, ಬೇಡದವರು ಎದ್ದು ಹೋಗಬಹುದು ಅಂದರು. ಸುಮಾರು ಅರ್ಧ ಗಂಟೆ ಸಭೆಯಲ್ಲಿ ಜಗಳವೇ ನಡೆಯಿತು. ಕೆಲವರು ಬಾಗಿಲು ಬಡಿದು ಹೋದರು. ಉಳಿದವರಿಗೆ ಅವರು ನುಡಿಸಿದರು. ಅವರು ಮಾಡಿದ್ದು ತಪ್ಪು ಅನ್ನುವವರು ಇವತ್ತಿಗೂ ಇದ್ದಾರೆ. ನನಗೆ ಮುಖ್ಯವಾಗಿ ಕಂಡದ್ದು ಅವರು ಮೊದಲು ಕೇಳಿದರು ಅನ್ನುವುದು. ಎದ್ದು ಹೋದವರಿಗೆ ಸಂಗೀತ ಗೊತ್ತಿಲ್ಲ ಅಂತ ಹೇಳಲು ಯಾರಿಗೂ ಹಕ್ಕಿಲ್ಲ.

ನಿಮ್ಮ ವಿಷಯದಲ್ಲೂ ಹಾಗೇ. ಈಗ ಓದಲು ಆಗುತ್ತಿಲ್ಲ ಅಂದರೆ ಓದಬೇಡಿ. ಅದು ನಿಮ್ಮ ರುಚಿಯ ಸೋಲಲ್ಲ. ಮತ್ತೆ ಓದುತ್ತೀರಾದರೆ ಮಗಳ ಬರಹವನ್ನು ಮರೆಯಲು ಪ್ರಯತ್ನಿಸಬೇಡಿ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಿ. ಕತೆಗಳು ಬೇರೆ ಥರ ಕಾಣುತ್ತವೆ. ಕೆಲವು ಇನ್ನೂ ಆಳವಾಗಿ ಕಾಣಬಹುದು, ಕೆಲವು ಸಹಿಸಲು ಆಗದೆ ಹೋಗಬಹುದು. ಕಲಾವಿದ ಬದುಕಿರುವಾಗ ಲೆಕ್ಕ ಬೇರೆ. ನಾವು ಕೊಡುವ ದುಡ್ಡು, ಕೊಡುವ ವೇದಿಕೆ ಅವನಿಗೆ ಇನ್ನೊಬ್ಬರನ್ನು ನೋಯಿಸುವ ಬಲ ಕೊಡುತ್ತಿದ್ದರೆ ಕೃತಿಯ ಗುಣದ ಚರ್ಚೆ ಆಮೇಲೆ ಮಾಡೋಣ. ಮೊದಲು ಆ ಬಲ ಕಡಿಮೆಯಾಗಬೇಕು.

ಇನ್ನು ನಿಮ್ಮ ಮಗ. ಅವನು ಹೇಳಿದ ಮಾತು ಬಹಳ ಹಳೆಯದು. ಇಟಲಿಯ ಶಿಲ್ಪಿ ಚೆಲ್ಲೀನಿ 1534ರಲ್ಲಿ ಪೊಂಪೆಯೊ ಎಂಬ ಅಕ್ಕಸಾಲಿಗನನ್ನು ರೋಮ್‌ನ ಬೀದಿಯಲ್ಲಿ ಚೂರಿಯಿಂದ ಇರಿದು ಕೊಂದ. ಪೋಪ್ ಅವನಿಗೆ ಕ್ಷಮೆ ಕೊಟ್ಟರು. ತಮ್ಮ ವಿದ್ಯೆಯಲ್ಲಿ ಸಾಟಿಯಿಲ್ಲದ ಇಂಥವರಿಗೆ ಕಾನೂನು ಅನ್ವಯಿಸುವುದಿಲ್ಲ ಅಂತ ಪೋಪ್ ಅಂದರಂತೆ. ಹಾಗೆ ಅಂದರು ಅಂತ ನಮಗೆ ತಿಳಿಸುವವರು ಯಾರು? ಚೆಲ್ಲೀನಿಯೇ, ತನ್ನ ಆತ್ಮಕತೆಯಲ್ಲಿ. ಪ್ರತಿಭೆಗೆ ರಿಯಾಯಿತಿ ಬೇಕು ಅನ್ನುವ ಮಾತು ಸಾಮಾನ್ಯವಾಗಿ ಹೀಗೇ ಹುಟ್ಟುತ್ತದೆ. ಅದರಿಂದ ಲಾಭ ಪಡೆಯುವವನೇ ಅದನ್ನು ಹೇಳುತ್ತಿರುತ್ತಾನೆ.

ಮಗನಿಗೆ ಚೆಕಾವ್ ಬಗ್ಗೆ ಹೇಳಿ. ಸಣ್ಣಕತೆ ಅನ್ನುವುದನ್ನೇ ಬದಲಾಯಿಸಿದವನು. ಡಾಕ್ಟರೂ ಆಗಿದ್ದ. ಕ್ಷಯ ಅಂಟಿ ಕೆಮ್ಮಿದಾಗ ರಕ್ತ ಬೀಳುತ್ತಿತ್ತು. ಹಾಗಿದ್ದೂ 1890ರಲ್ಲಿ ಸೈಬೀರಿಯಾ ದಾಟಿ ಸಖಾಲಿನ್ ದ್ವೀಪಕ್ಕೆ ಹೋಗಿ, ಅಲ್ಲಿಗೆ ಗಡೀಪಾರಾದ ಕೈದಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಬರೆದುಕೊಂಡ. 1892ರಲ್ಲಿ ಕಾಲರಾ ಬಂದಾಗ ಸಂಬಳವಿಲ್ಲದೆ 25 ಹಳ್ಳಿಗಳ ಜವಾಬ್ದಾರಿ ಹೊತ್ತ. ರೈತರ ಮಕ್ಕಳಿಗೆ ಶಾಲೆ ಕಟ್ಟಿಸಿದ. ಇಷ್ಟೆಲ್ಲ ಮಾಡುವಾಗಲೇ ಒಳ್ಳೊಳ್ಳೆಯ ಕತೆಗಳು ಬಂದವು. ಇಟಲಿಯ ಸಂಗೀತ ರಚನಕಾರ ವರ್ಡಿ ಮಿಲಾನ್‌ನಲ್ಲಿ ವಯಸ್ಸಾದ ಬಡ ಸಂಗೀತಗಾರರಿಗಾಗಿ ತನ್ನ ದುಡ್ಡಿನಲ್ಲಿ ಮನೆ ಕಟ್ಟಿಸಿದ. ತಾನಿರುವಾಗ ಯಾರೂ ಬಂದು ಕೈ ಮುಗಿಯುವುದು ಬೇಡ ಅಂತ, ತಾನು ಸತ್ತ ಮೇಲೆ ತೆರೆಯಿರಿ ಅಂದ. 1902ರಲ್ಲಿ ತೆರೆದರು. ಈಗಲೂ ನಡೆಯುತ್ತಿದೆ. ಇವರ ಕಲೆ ಇವರ ಒಳ್ಳೆಯತನದಿಂದ ಒಂದಿಷ್ಟೂ ಸಪ್ಪೆಯಾಗಲಿಲ್ಲ.

ಇನ್ನೊಂದು ಮಾತೂ ಅವನಿಗೆ ತಿಳಿದಿರಲಿ. ಕಲಾವಿದ ಮನೆ-ಮಠ ಮರೆತು ಕೆಲಸದಲ್ಲಿ ಮುಳುಗಿದ್ದ ಅಂತ ನಾವು ಮೆಚ್ಚಿ ಹೇಳುವಾಗ ಆ ಮನೆಯನ್ನು ಇನ್ಯಾರೋ ನಡೆಸುತ್ತಿದ್ದರು. ಟಾಲ್‌ಸ್ಟಾಯ್ 'ಯುದ್ಧ ಮತ್ತು ಶಾಂತಿ' ಬರೆದು ತಿದ್ದಿ ಗೀಚಿ ಹಾಕಿದ ಪುಟಗಳನ್ನು ರಾತ್ರಿ ಕೂತು ಮತ್ತೆ ಮತ್ತೆ ಶುದ್ಧ ಪ್ರತಿ ಮಾಡಿದವಳು ಅವನ ಹೆಂಡತಿ ಸೋಫಿಯಾ. ಅವಳು 13 ಮಕ್ಕಳನ್ನು ಹೆತ್ತಳು, ಮನೆಯ ಲೆಕ್ಕಪತ್ರ ನೋಡಿದಳು. ಆ ಕಾದಂಬರಿಗೆ ಬೇಕಾಗಿದ್ದದ್ದು ಗಂಡನ ಕೋಪತಾಪ ಅಲ್ಲ, ಅವಳ ಆ ರಾತ್ರಿಗಳು.

ಕೊನೆಯದಾಗಿ, ನಿಮ್ಮನ್ನು ಒಂದು ವಿಷಯ ಕೇಳಬೇಕು. ಮಗನಿಗೆ ಈ ಮಾತು ಎಲ್ಲಿಂದ ಬಂತು? ಸಿನಿಮಾ ನೋಡಿ, ಜೀವನ ಚರಿತ್ರೆ ಓದಿ ಬಂದಿದ್ದರೆ ಚಿಂತೆ ಇಲ್ಲ. ಆ ವಯಸ್ಸಿನಲ್ಲಿ ಬರುತ್ತದೆ, ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಹೋಗುತ್ತದೆ. ಆದರೆ ಅವನಿಗೆ ಕಲಿಸುವವರೇ ಇದನ್ನು ಹೇಳುತ್ತಿದ್ದರೆ ಸ್ವಲ್ಪ ಹುಷಾರಾಗಿರಿ. ಶಿಷ್ಯರ ಜೊತೆ, ಅದರಲ್ಲೂ ಹೆಣ್ಣುಮಕ್ಕಳ ಜೊತೆ ಅವರ ನಡವಳಿಕೆ ಹೇಗಿದೆ ಅಂತ ವಿಚಾರಿಸಿ. ಮಗನನ್ನು ಬೈಯದೆ ಕೂರಿಸಿಕೊಂಡು ಕೇಳಿ. ತರಗತಿಯಲ್ಲಿ ಯಾರಾದರೂ ಹೆದರಿದ್ದಾರಾ, ಯಾರಾದರೂ ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟರಾ ಅಂತ ಕೇಳಿ. ಹೌದು ಅಂದರೆ ಆ ಮಗುವಿನ ಮನೆಯವರ ಜೊತೆ ಅವತ್ತೇ ಮಾತಾಡಿ. ಚಿತ್ರ ಬಿಡಿಸುವುದನ್ನು ಕಲಿಸುವವರು ಬೇರೆ ಸಿಗುತ್ತಾರೆ.